ಕಾರೇರಿದ ಸೈಕಲ್ಲು

ಒಂದು ಕಾಲದಲ್ಲಿ ಕನಕಪುರದಿಂದಲೋ ಮಾಗಡಿಯಿಂದಲೋ ಬೆಂಗಳೂರಿಗೆ ಹೊರಡುವ ಬಸ್ಸಿನ ನೆತ್ತಿಯ ಮೇಲೆ ಸೈಕಲ್ಲೊಂದು ಮಲಗಿರುವುದು ಅಪೂರ್ವ ದೃಶ್ಯವೇನೂ ಆಗಿರಲಿಲ್ಲ. ಕ್ಲೀನರು ಹಿಂದಿನ ಏಣಿಯನ್ನು ಹತ್ತಿ, ಬಾಳೆಗೊನೆಗೂ ಹಾಸಿಗೆಯ ಸುರುಳಿಗೂ ನಡುವೆ ಅದನ್ನು ಮಲಗಿಸಿ, ಹಗ್ಗದಿಂದ ಎರಡು ಸುತ್ತು ಬಿಗಿದು, ‘ರೈಟ್’ ಎಂದರೆ ಮುಗಿಯಿತು. ಬಸ್ಸಿನ ವೇಗವೂ ಅಷ್ಟಕ್ಕಷ್ಟೆ. ಹಗ್ಗ ತುಸು ಸಡಿಲವಾದರೂ ಸೈಕಲ್ಲು ಬಾಳೆಗೊನೆಯ ಮೇಲೆ ಒರಗುತ್ತಿತ್ತೇ ಹೊರತು ರಸ್ತೆಗೆ ಹಾರುತ್ತಿರಲಿಲ್ಲ.

ಇಂದು ಆ ಸೈಕಲ್ಲು ಸಂಸಾರದ ಕಾರನ್ನು ಏರಿದೆ. ಅದಕ್ಕೆ ಕಾರಣವೂ ಉಂಟು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಸ್ಕೂಟರು, ಮೋಟಾರು ಸೈಕಲ್ಲು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಎಂಜಿನ್ನಿಲ್ಲದ ವಾಹನವಾದ್ದರಿಂದ ಸೈಕಲ್ಲಿಗೂ ಇಲ್ಲ. ಹೊಸ ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಸಾಗುತ್ತದೆ. ಪೆಡಲು ತುಳಿಯುವವರಿಗೆ ಉಳಿದಿರುವುದು ಸರ್ವಿಸ್ ರಸ್ತೆ ಮತ್ತು ಊರೊಳಗಿನ ಹಳೆಯ ರಸ್ತೆ. ರಾಮದೇವರ ಬೆಟ್ಟದ ತಪ್ಪಲಿನಲ್ಲೋ, ಮಾಗಡಿಯ ಕಡೆ ಸಾವನದುರ್ಗದ ದಾರಿಯಲ್ಲೋ, ಕನಕಪುರದಾಚೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದ ಹಾದಿಯಲ್ಲೋ ಸೈಕಲ್ಲು ತುಳಿಯಬೇಕೆಂಬುದು ಮಕ್ಕಳ ಆಸೆ. ಅಲ್ಲಿಂದ ಮುಂದೆ ಮೈಸೂರು, ಮಡಿಕೇರಿಗಳನ್ನು ನೋಡಿಬರಬೇಕೆಂಬುದು ಹಿರಿಯರ ಬಯಕೆ. ಎರಡೂ ನೆರವೇರಬೇಕಾದರೆ ಸೈಕಲ್ಲು ಕಾರಿನ ಜೊತೆಗೇ ಹೊರಡಬೇಕು.

ಹೊರಡುವ ದಿನದ ಬೆಳಗಿನ ಜಾವ ಅನೇಕ ಮನೆಗಳ ಮುಂದೆ ನಡೆಯುವ ಸಂಭಾಷಣೆ ಒಂದೇ ಬಗೆಯದು.

“ಅಪ್ಪಾ, ಇನ್ನೂ ಅಲ್ಲಾಡ್ತಾ ಇದೆ!”

“ಏನೂ ಆಗೋಲ್ಲ, ಸುಮ್ನಿರೋ. ಇಂಥಾದ್ದು ಎಷ್ಟು ಕಟ್ಟಿಲ್ಲ ನಾನು!”

ಕಾಫಿಯ ಫ್ಲಾಸ್ಕನ್ನು ಹಿಡಿದು ನಿಂತ ಮನೆಯಾಕೆ ಮಾತ್ರ ಮೆಲ್ಲಗೆ ಕೇಳುತ್ತಾಳೆ: “ನಮಗೇನೂ ಆಗೋಲ್ಲ ಅನ್ನಿ. ಹಿಂದೆ ಬರೋರಿಗೆ?”

ಇಡೀ ವಿಷಯದ ತಿರುಳು ಆ ಒಂದು ಪ್ರಶ್ನೆಯಲ್ಲಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನಿಂದ ಕಳಚಿದ ವಸ್ತುವಿಗೆ, ಸುಮಾರು 39 ಮೀಟರ್ ಎತ್ತರದಿಂದ, ಎಂದರೆ ಹನ್ನೆರಡು ಅಂತಸ್ತಿನ ಕಟ್ಟಡದ ಮೇಲಿನಿಂದ, ಬಿದ್ದ ವಸ್ತುವಿನಷ್ಟೇ ವೇಗವಿರುತ್ತದೆ. ಗಾಳಿಯ ನೂಕುವಿಕೆಯೂ ವೇಗದೊಡನೆ ಸಮಸಮವಾಗಿ ಏರುವುದಿಲ್ಲ. ವೇಗ ಇಮ್ಮಡಿಯಾದರೆ ಅದು ನಾಲ್ಮಡಿಯಾಗುತ್ತದೆ. ಬೀದಿಯಲ್ಲಿ 50 ಕಿಲೋಮೀಟರ್ ವೇಗದಲ್ಲಿ ಮಿಸುಕದೆ ಕುಳಿತ ಸೈಕಲ್ಲು ಹೆದ್ದಾರಿಯಲ್ಲಿ ನಾಲ್ಕರಷ್ಟು ಬಲವಾದ ಎಳೆತವನ್ನು ತಾಳಬೇಕು. ಹಿಂದೆ ಇನ್ನೊಂದು ಸಂಸಾರದ ಕಾರು ಬರುತ್ತಿರಬಹುದು. ಪಕ್ಕದ ಸರ್ವಿಸ್ ರಸ್ತೆಯಲ್ಲಿ ರೇಷ್ಮೆ ಗೂಡಿನ ಚೀಲವನ್ನು ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟ ರೈತನಿರಬಹುದು. ಸಡಿಲವಾದ ಒಂದು ಗಂಟಿನ ಬೆಲೆಯನ್ನು ತೆರುವವರು ಅವರು.

ಸಾಧ್ಯವಿದ್ದಲ್ಲಿ ಸೈಕಲ್ಲನ್ನು ಕಾರಿನ ಒಳಗೇ ಒಯ್ಯುವುದು ಎಲ್ಲಕ್ಕಿಂತ ಕ್ಷೇಮ. ಹಿಂದಿನ ಸೀಟನ್ನು ಮಡಿಸಿ, ಮುಂದಿನ ಚಕ್ರವನ್ನು ಬಿಚ್ಚಿ, ಹ್ಯಾಂಡಲನ್ನು ತಿರುಗಿಸಿದರೆ ಅನೇಕ ಕಾರುಗಳಲ್ಲಿ ಒಂದು ಸೈಕಲ್ಲಿಗೆ ಸ್ಥಳವಾಗುತ್ತದೆ. ಚೈನು ಮತ್ತು ಗೇರಿನ ಭಾಗ ಮೇಲ್ಮುಖವಾಗಿರಬೇಕು. ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ತೆಗೆದ ಜಾಗದಲ್ಲಿ ಬ್ರೇಕಿನ ಎರಡು ಬಿಲ್ಲೆಗಳ ನಡುವೆ ಮಡಿಸಿದ ರಟ್ಟಿನ ತುಂಡನ್ನು ಸಿಕ್ಕಿಸಿಡುವುದು ಒಳಿತು. ಇಲ್ಲವಾದರೆ ಯಾರೋ ಬ್ರೇಕನ್ನು ಒತ್ತಿದಾಗ ಬಿಲ್ಲೆಗಳು ಕೂಡಿಕೊಂಡು ಮತ್ತೆ ಚಕ್ರ ಸೇರದೆ ಹೋಗುತ್ತದೆ. ಒಳಗಿದೆಯೆಂದು ಕಟ್ಟದೆ ಬಿಡುವುದೂ ಸಲ್ಲದು. ಥಟ್ಟನೆ ಬ್ರೇಕು ಹಾಕಿದಾಗ ಅದು ಮುಂದೆ ಕುಳಿತವರ ಬೆನ್ನಿಗೇ ಬರುತ್ತದೆ. ಕಟ್ಟದ ಸೈಕಲ್ಲಿನ ಪಕ್ಕದಲ್ಲಿ ಮಗುವನ್ನು ಕೂರಿಸುವುದಂತೂ ಕೂಡದು.

ಮಾಡಿನ ಮೇಲೆ ಒಯ್ಯುವುದಾದರೆ ಅದಕ್ಕೆಂದೇ ಮಾಡಿದ ಕ್ಯಾರಿಯರ್ ಬೇಕು. ಮಾಡು ಎಷ್ಟು ಭಾರ ತಾಳೀತೆಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ, ಕ್ಯಾರಿಯರಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಸೈಕಲ್ಲು ನೆಟ್ಟಗೆ ನಿಂತರೆ ಒಟ್ಟು ಎತ್ತರ ಎರಡೂವರೆ ಮೀಟರಿಗೂ ಮಿಕ್ಕೀತು. ಅದನ್ನು ಮರೆತು ಹೋಟೆಲಿನ ಪೋರ್ಟಿಕೋದ ಕೆಳಗೆ ನುಗ್ಗಿಸಿ, ಸೈಕಲ್ಲು, ಮಾಡು ಎರಡನ್ನೂ ಒಟ್ಟಿಗೆ ಕಳೆದುಕೊಂಡವರಿದ್ದಾರೆ. ‘ಮೇಲೆ ಸೈಕಲ್ಲಿದೆ’ ಎಂದು ಚೀಟಿ ಬರೆದು ಸ್ಟೀರಿಂಗಿನ ಮುಂದೆ ಅಂಟಿಸಿಕೊಳ್ಳುವುದು ನಗೆಪಾಟಲಿನ ಕೆಲಸವಲ್ಲ.

ಹಿಂಬದಿಯ ಕ್ಯಾರಿಯರಿನಲ್ಲಿ ಎತ್ತಿಳಿಸುವುದು ಸುಲಭ, ತೊಂದರೆಗಳು ಬೇರೆ. ನೋಂದಣಿ ಸಂಖ್ಯೆಯ ಫಲಕವಾಗಲಿ, ಹಿಂದಿನ ದೀಪಗಳಾಗಲಿ ಮರೆಯಾಗಬಾರದು. ಬ್ರೇಕಿನ ಕೆಂಪು ದೀಪ ಕಾಣದಿದ್ದರೆ ಹಿಂದಿನವನಿಗೆ ಮುಂದಿನವನ ಮನಸ್ಸು ತಿಳಿಯುವುದೆಂತು? ಟೈರು ಹೊಗೆ ಕೊಳವೆಯ ಎದುರಿಗೆ ಬಂದರೆ ಬಿಸಿಗೆ ಹಾಳಾಗುತ್ತದೆ. ರಾಮನಗರದಿಂದ ಮಾಗಡಿಗೋ ಕನಕಪುರಕ್ಕೋ ತಿರುಗಿದೊಡನೆ ಹಳ್ಳಿಗೊಂದರಂತೆ ಉಬ್ಬುಗಳು ಎದುರಾಗುತ್ತವೆ. ಹಿಂದೆ ತೂಗುವ ಸೈಕಲ್ಲು ಅಲ್ಲಿ ಕಾರಿಗಿಂತ ಹೆಚ್ಚಾಗಿ ಕುಪ್ಪಳಿಸುತ್ತದೆ. ಉಬ್ಬಿನ ಮುಂದೆ ಕಾರು ಬಹುಮಟ್ಟಿಗೆ ನಿಲ್ಲುವಷ್ಟು ನಿಧಾನಿಸುವುದೇ ಜಾಣತನ.

ಕಟ್ಟುವುದಕ್ಕೆ ಹಳೆಯ ಟ್ಯೂಬಿನ ರಬ್ಬರು ಪಟ್ಟಿ ತರಕಾರಿ ಮೂಟೆಗೆ ಸರಿ, ಹೆದ್ದಾರಿಗೆ ಸಲ್ಲದು, ಅದು ಹಿಗ್ಗುತ್ತದೆ. ನೈಲಾನ್ ಹಗ್ಗವೂ ನೆನೆದರೆ ಸಡಿಲಿಸುತ್ತದೆ. ಬಕಲ್ ಇರುವ ಅಗಲವಾದ ಪಟ್ಟಿಗಳೇ ಮೇಲು. ಚೌಕಟ್ಟಿಗೊಂದು, ಒಂದೊಂದು ಚಕ್ರಕ್ಕೆ ಒಂದೊಂದು ಪಟ್ಟಿಯಿದ್ದರೆ, ಒಂದು ಸೋತರೂ ಉಳಿದೆರಡು ಹಿಡಿದಾವು. ಪಟ್ಟಿಯ ಬಾಲ ಗಾಳಿಗೆ ಬಡಿಯದಂತೆ ಗಂಟು ಹಾಕಬೇಕು. ನೀರಿನ ಬಾಟಲಿ, ಪಂಪು, ಚೀಲ, ಬೀಗದ ಸರಪಳಿ ಎಲ್ಲವನ್ನೂ ತೆಗೆದು ಒಳಗಿಡಬೇಕು. ಬ್ಯಾಟರಿ ಸೈಕಲ್ಲಾದರೆ ಬ್ಯಾಟರಿಯನ್ನೂ ತೆಗೆದಿಡಬೇಕು. ಮಳೆಗೆ ಹೆದರಿ ಟಾರ್ಪಾಲು ಹೊದಿಸಿದರೆ ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ; ಸೀಟಿಗೊಂದು ಪುಟ್ಟ ಹೊದಿಕೆ ಸಾಕು.

ಲೋಹಕ್ಕೆ ಲೋಹ ತಾಗುವಲ್ಲಿ ಹಳೆಯ ಬಟ್ಟೆಯನ್ನು ಸುತ್ತುವುದನ್ನು ಮರೆಯಬಾರದು. ಚನ್ನಪಟ್ಟಣದ ಬೊಂಬೆ ಕುಶಲಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಯಿಂದಲೇ ಬಣ್ಣವನ್ನು ಹತ್ತಿಸುತ್ತಾರೆ. ದಾರಿಯುದ್ದಕ್ಕೂ ಉಜ್ಜುವ ಸೈಕಲ್ಲು ಮಾಡುವುದು ಅದಕ್ಕೆ ವಿರುದ್ಧವಾದ ಕೆಲಸ. ಕಾರಿನ ಬಣ್ಣವನ್ನೂ ತನ್ನ ಬಣ್ಣವನ್ನೂ ಅದು ಕಿತ್ತುಹಾಕುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಹತ್ತು ಹದಿನೈದು ಕಿಲೋಮೀಟರಿನಲ್ಲಿ ಕಟ್ಟು ತುಸು ಕುಸಿದೇ ಕುಸಿಯುತ್ತದೆ. ಹೆದ್ದಾರಿಯ ಮುಖ್ಯ ಪಥದಲ್ಲಿ ನಿಲ್ಲಿಸಿ ನೋಡುವುದು ಪ್ರಾಣಕ್ಕೆ ಅಪಾಯ. ಆದ್ದರಿಂದ ಹೆದ್ದಾರಿಯನ್ನು ಏರುವ ಮೊದಲೇ, ಕೆಂಗೇರಿಯ ಆಸುಪಾಸಿನಲ್ಲಿ, ಒಮ್ಮೆ ಬಿಗಿ ನೋಡಬೇಕು. ಸುಮಾರು 50 ಕಿಲೋಮೀಟರ್ ದೂರದ ರಾಮನಗರದಲ್ಲಿ ಊರಿನ ಕಡೆಗೆ ಇಳಿದು, ತಿಂಡಿಗೆ ಮುನ್ನ ಇನ್ನೊಮ್ಮೆ ನೋಡಬೇಕು. ಸೈಕಲ್ಲನ್ನು ಹಿಡಿದು ಜಗ್ಗಿದಾಗ ಅದರೊಡನೆ ಕಾರೂ ಅಲುಗಬೇಕು. ಸೈಕಲ್ಲೊಂದೇ ಅಲುಗಿದರೆ ಕಟ್ಟು ಸಾಲದೆಂದು ಅರ್ಥ.

ಜಗ್ಗಿ ನೋಡುವ ಕೆಲಸವನ್ನು ‘ಅಲ್ಲಾಡ್ತಾ ಇದೆ’ ಎಂದ ಆ ಹುಡುಗನಿಗೇ ಒಪ್ಪಿಸಬಹುದು. ಅಪ್ಪನಿಗೆ ಬೆನ್ನು ಬಾಗಿಸುವ ಶ್ರಮ ತಪ್ಪುತ್ತದೆ. ಹುಡುಗನಿಗೆ, ತನ್ನ ಸೈಕಲ್ಲು ತನ್ನದಾದರೂ ರಸ್ತೆ ಎಲ್ಲರದು ಎಂಬುದು ಹೇಳಿಕೊಡದೆಯೇ ತಿಳಿಯುತ್ತದೆ.