ತೆರೆಯ ಮೇಲಣ ಟ್ಯಾಂಕು ಮತ್ತು ಚಲನೆಯ ನಿಯಮಗಳು

ವಿಡಿಯೋ ಆಟಗಳ ವಿಷಯದಲ್ಲಿ ನಮ್ಮಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಅವು ವಿದ್ಯಾರ್ಥಿಯ ಕಾಲವನ್ನೂ ಕಣ್ಣನ್ನೂ ಕೆಡಿಸುವ ಪಿಡುಗೆಂಬುದು ಹಿರಿಯರ ಮತ. ಅವುಗಳಿಂದ ಬುದ್ಧಿ ಚುರುಕಾಗುವುದೆಂಬುದು ಆಡುವವರ ಸಮರ್ಥನೆ. ಭೌತಶಾಸ್ತ್ರವನ್ನು ಬೋಧಿಸುವವನಾದ ನನಗೆ ಇವೆರಡರಲ್ಲಿ ಯಾವುದೂ ಪೂರ್ಣವಾಗಿ ಸಮ್ಮತವಲ್ಲ. ಸುಮ್ಮನೆ ಆಡಿದರೆ ಇಂತಹ ಆಟವು ಚಲನೆಯ ಬಗೆಗೆ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಇನ್ನಷ್ಟು ಗಟ್ಟಿಗೊಳಿಸಬಲ್ಲುದು. ಪರೀಕ್ಷಿಸುತ್ತ ಆಡಿದರೆ ಅದೇ ಆಟವು ಆ ಕಲ್ಪನೆಯನ್ನು ಕಳೆಯುವ ಸಾಧನವೂ ಆಗಬಲ್ಲುದು. ಹಳೆಯದೊಂದು ಟ್ಯಾಂಕು ಆಟವನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

ತೆರೆಯ ಮೇಲೆ ಟ್ಯಾಂಕುಗಳ ಕಾಳಗ ಹೊಸದೇನಲ್ಲ. ೧೯೭೪ರಲ್ಲಿ ಅಮೆರಿಕದ ಕೀ ಗೇಮ್ಸ್ ಸಂಸ್ಥೆಯು ‘ಟ್ಯಾಂಕ್’ ಎಂಬ ಯಂತ್ರವನ್ನು ಹೊರತಂದಿತು. ನಾಣ್ಯ ಹಾಕಿ, ಇಬ್ಬರು ಎದುರಾಳಿಗಳಾಗಿ ಆಡಬೇಕಾದ ಆಟವದು. ೧೯೮೫ರಲ್ಲಿ ಜಪಾನಿನ ನ್ಯಾಮ್ಕೊ ಸಂಸ್ಥೆಯು ಫ್ಯಾಮಿಕಾಮ್ ಎಂಬ ಮನೆಬಳಕೆಯ ಯಂತ್ರಕ್ಕಾಗಿ ‘ಬ್ಯಾಟಲ್ ಸಿಟಿ’ಯನ್ನು ರಚಿಸಿತು. ಇದನ್ನು ಒಬ್ಬರೇ ಆಡಬಹುದು. ಇಬ್ಬರು ಒಂದೇ ತೆರೆಯ ಮುಂದೆ ಕುಳಿತು ಜೊತೆಗೂಡಿಯೂ ಆಡಬಹುದು. ಫ್ಯಾಮಿಕಾಮಿನ ಅನುಕರಣ ಯಂತ್ರಗಳ ಮೂಲಕ ಇದು ನಮ್ಮ ದೇಶದ ಮನೆಗಳಿಗೂ ಬಂದಿತು. ಇದೇ ಮಾದರಿಯ ಆಟಗಳು ಇಂದಿಗೂ ಹೊಸದಾಗಿ ಹುಟ್ಟುತ್ತಲೇ ಇವೆ. ‘ಬ್ಯಾಟಲ್ ಸಿಟಿ’ಯ ರಣರಂಗವು ಉದ್ದಕ್ಕೆ ೧೩, ಅಗಲಕ್ಕೆ ೧೩ ಮನೆಗಳುಳ್ಳ ಒಂದು ಚೌಕ. ಅದರಲ್ಲಿ ಇಟ್ಟಿಗೆಯ ಗೋಡೆ, ಉಕ್ಕಿನ ಗೋಡೆ, ನೀರು, ಮರಗಳು, ಮಂಜುಗಡ್ಡೆ ಇವೆ. ಕೆಳಗಡೆ ನಡುವೆ ಹದ್ದಿನ ಚಿಹ್ನೆಯುಳ್ಳ ನೆಲೆ. ಅದನ್ನು ಕಾಯುತ್ತ, ಒಂದೊಂದು ಹಂತದಲ್ಲಿಯೂ ೨೦ ಶತ್ರು ಟ್ಯಾಂಕುಗಳನ್ನು ನಾಶಮಾಡಬೇಕು.

ಈಗ ಒಂದು ಪ್ರಶ್ನೆ. ಆಟದ ನಿಯಮಗಳನ್ನು ಪಾಲಿಸುವವರು ಯಾರು? ಚೌಕಾಬಾರದಲ್ಲಿ ನಾವೇ ಪಾಲಿಸುತ್ತೇವೆ, ತಪ್ಪಿದರೆ ಜಗಳವಾಡುತ್ತೇವೆ. ಗೋಲಿಯಾಟದಲ್ಲಿ ಗೋಲಿ ಎಷ್ಟು ದೂರ ಉರುಳಬೇಕೆಂಬುದನ್ನು ಪ್ರಕೃತಿಯೇ ನಿರ್ಧರಿಸುತ್ತದೆ. ವಿಡಿಯೋ ಆಟದಲ್ಲಾದರೋ ನಿಯಮಗಳನ್ನು ಬರೆದವನು ಒಬ್ಬ ಮನುಷ್ಯ. ಅವು ಅಡಗಿರುವುದು ಯಂತ್ರದೊಳಗೆ. ಆದುದರಿಂದ ಅವುಗಳನ್ನು ತಿಳಿಯಬೇಕಾದರೆ, ಪ್ರಕೃತಿಯ ನಿಯಮಗಳನ್ನು ತಿಳಿಯುವಂತೆಯೇ ವೀಕ್ಷಣೆ ಮತ್ತು ಪ್ರಯೋಗಗಳ ಮೊರೆಹೋಗಬೇಕು.

ವೀಕ್ಷಿಸಿದರೆ ಕಾಣುವುದೇನು? ಗುಂಡಿಯನ್ನು ಒತ್ತಿದೊಡನೆ ಟ್ಯಾಂಕು ಪೂರ್ಣ ವೇಗದಿಂದ ಹೊರಡುತ್ತದೆ. ಬೆರಳನ್ನು ತೆಗೆದೊಡನೆ ನಿಂತುಬಿಡುತ್ತದೆ. ಬಲವಿದ್ದರೆ ಚಲನೆ, ಬಲವಿಲ್ಲದಿದ್ದರೆ ಚಲನೆಯೂ ಇಲ್ಲ. ಇದು ಅರಿಸ್ಟಾಟಲನ ಭೌತಶಾಸ್ತ್ರವಲ್ಲವೆ? ಆದರೆ ಅದೇ ಟ್ಯಾಂಕಿನಿಂದ ಹೊರಟ ಗುಂಡನ್ನು ನೋಡಿರಿ. ಅದನ್ನು ಯಾರೂ ತಳ್ಳುತ್ತಿಲ್ಲ. ಆದರೂ ಏನಾದರೂ ಅಡ್ಡಬರುವವರೆಗೆ ಸರಳರೇಖೆಯಲ್ಲಿ, ಒಂದೇ ವೇಗದಲ್ಲಿ ಸಾಗುತ್ತದೆ. ಇದು ನ್ಯೂಟನ್ನನ ಪ್ರಥಮ ನಿಯಮ. ಟ್ಯಾಂಕು ಮಂಜುಗಡ್ಡೆಯ ಮೇಲೆ ಬಂದಾಗಲಂತೂ ಬೆರಳು ತೆಗೆದ ಮೇಲೂ ತುಸು ಜಾರುತ್ತದೆ. ಅಲ್ಲಿ ಜಡತ್ವದ ಸುಳಿವು ಕಾಣುತ್ತದೆ. ಹೀಗೆ ಎರಡು ಸಾವಿರ ವರ್ಷಗಳ ಅಂತರವುಳ್ಳ ಎರಡು ಭೌತಶಾಸ್ತ್ರಗಳು ಒಂದೇ ತೆರೆಯ ಮೇಲೆ ಅಕ್ಕಪಕ್ಕದಲ್ಲಿ ವಾಸಿಸುತ್ತಿವೆ! ಇಷ್ಟಾದರೂ ಆಡುವವನಿಗೆ ಯಾವ ವಿರೋಧವೂ ತೋರುವುದಿಲ್ಲ.

ತೋರದಿರುವುದೇ ನನ್ನ ಚಿಂತೆಗೆ ಕಾರಣ. ನ್ಯೂಟನ್ನನ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯನ್ನೇ, “ಸಮವೇಗದಿಂದ ಚಲಿಸುವ ವಸ್ತುವಿನ ಮೇಲೆ ನಿವ್ವಳ ಬಲವೆಷ್ಟು?” ಎಂದು ಕೇಳಿದರೆ, ಚಲನೆಯ ದಿಕ್ಕಿನಲ್ಲಿ ಏನೋ ಒಂದು ಬಲ ಇರಲೇಬೇಕೆಂದು ಉತ್ತರಿಸುವುದುಂಟು. ಪುಸ್ತಕದಲ್ಲಿ ನ್ಯೂಟನ್, ಮನಸ್ಸಿನಲ್ಲಿ ಅರಿಸ್ಟಾಟಲ್! ಗಾಡಿಯನ್ನು ಎಳೆಯುವುದನ್ನು ಬಿಟ್ಟರೆ ನಿಲ್ಲುತ್ತದೆಂಬ ನಿತ್ಯಾನುಭವದಿಂದ ಈ ಕಲ್ಪನೆ ಹುಟ್ಟುತ್ತದೆ. ಗಾಡಿಯನ್ನು ನಿಲ್ಲಿಸುವುದು ಘರ್ಷಣೆಯೆಂಬ ಬಲ, ಬಲದ ಅಭಾವವಲ್ಲ ಎಂಬುದನ್ನು ಕಾಣಲು ಗೆಲಿಲಿಯೊವಿನಂತಹ ಮೇಧಾವಿಯೇ ಬೇಕಾಯಿತು. ತೆರೆಯ ಟ್ಯಾಂಕಾದರೋ ಹಳೆಯ ಕಲ್ಪನೆಯನ್ನೇ ಸಾವಿರ ಸಲ ಬೆರಳಿಗೆ ಪಾಠ ಹೇಳುತ್ತದೆ.

ಇದಕ್ಕೆ ಪರಿಹಾರವು ಆಟವನ್ನು ನಿಷೇಧಿಸುವುದಲ್ಲ, ಅಳೆಯುವುದು. ‘ಬ್ಯಾಟಲ್ ಸಿಟಿ’ಯಲ್ಲಿ ರಣರಂಗವನ್ನು ನಾವೇ ಕಟ್ಟಿಕೊಳ್ಳುವ ಸೌಲಭ್ಯವಿದೆ. ಟ್ಯಾಂಕು ಹೊರಡುವ ಸ್ಥಳದಿಂದ ಮೇಲಂಚಿನವರೆಗೆ ಒಂದು ನೇರ ಓಣಿಯನ್ನು ತೆರವಾಗಿಟ್ಟು, ಅದರ ಇಕ್ಕೆಲಗಳಲ್ಲಿ ಉಕ್ಕಿನ ಗೋಡೆಯನ್ನೆಬ್ಬಿಸಿರಿ. ನಕ್ಷತ್ರದ ಬಹುಮಾನ ಪಡೆಯದ ಟ್ಯಾಂಕು, ತಾನು ಹಾರಿಸಿದ ಗುಂಡು ಎಲ್ಲಿಯಾದರೂ ತಗಲುವವರೆಗೆ ಇನ್ನೊಂದನ್ನು ಹಾರಿಸಲಾರದು. ಈ ಒಂದು ನಿರ್ಬಂಧವೇ ನಮಗೆ ಗಡಿಯಾರವನ್ನು ಒದಗಿಸುತ್ತದೆ. ಮೇಲಂಚಿನಿಂದ ೧೨ ಮನೆ ದೂರದಲ್ಲಿ ನಿಂತು, ಬಿಡದೆ ಗುಂಡಿಯನ್ನು ಒತ್ತುತ್ತ, ೨೦ ಗುಂಡುಗಳಿಗೆ ಹಿಡಿದ ಕಾಲವನ್ನು ಅಳೆದು ೨೦ರಿಂದ ಭಾಗಿಸಿರಿ. ಲೋಲಕದ ೨೦ ಆಂದೋಲನಗಳನ್ನು ಎಣಿಸುವ ಕ್ರಮವೇ ಇದು. ಆಮೇಲೆ ೯ ಮನೆ, ೬ ಮನೆಗಳ ದೂರದಿಂದ ಅಳೆಯಿರಿ. ದೂರಕ್ಕೂ ಕಾಲಕ್ಕೂ ರೇಖಾನಕ್ಷೆ ಎಳೆದಾಗ ಸರಳರೇಖೆ ಬಂದರೆ, ಗುಂಡಿನ ವೇಗ ದಾರಿಯುದ್ದಕ್ಕೂ ಒಂದೇ ಎಂದು ಸಿದ್ಧವಾಯಿತು. ರೇಖೆಯ ಓಟದಿಂದ ಆ ವೇಗವೂ ದೊರೆಯಿತು. ರೇಖೆ ಮೂಲಬಿಂದುವಿನ ಮೂಲಕ ಹೋಗದಿದ್ದರೆ ಗಾಬರಿ ಬೇಡ. ಉಳಿದ ಅಲ್ಪ ಕಾಲವು ಬೆರಳಿನದೂ ಯಂತ್ರದ್ದೂ ಹೊರತು, ಗುಂಡಿನದಲ್ಲ.

ಈ ಪ್ರಯೋಗ ಒಬ್ಬರಿಂದಾಗುವಂಥದಲ್ಲ. ಒಬ್ಬನು ಗುಂಡು ಹಾರಿಸುತ್ತಿರುವಾಗ ಮತ್ತೊಬ್ಬನು ತನ್ನ ಟ್ಯಾಂಕಿನಿಂದ ಹದ್ದಿನ ನೆಲೆಯನ್ನು ಕಾಯಬೇಕು. ಮೂರನೆಯವನು ಗಡಿಯಾರ ಹಿಡಿಯಬೇಕು. ಪ್ರಯೋಗಶಾಲೆಯ ಸಹಕಾರವೆಂದರೆ ಇದೇ ಅಲ್ಲವೆ?

“ಇದು ನಿಜವಾದ ಟ್ಯಾಂಕಲ್ಲವಲ್ಲ, ಅಳೆದು ಫಲವೇನು?” ಎಂದು ಯಾರಾದರೂ ಆಕ್ಷೇಪಿಸಬಹುದು. ದಿಟವೆ. ನಿಜವಾದ ತೋಪು ಗುಂಡು ಹಾರಿಸಿದಾಗ ಹಿಂದಕ್ಕೆ ಒದೆಯುತ್ತದೆ. ಗುಂಡಿನ ವೇಗವನ್ನು ಗಾಳಿ ಕುಗ್ಗಿಸುತ್ತದೆ. ಆಟವನ್ನು ರಚಿಸಿದವರು ಇವನ್ನು ಕೈಬಿಟ್ಟಿದ್ದಾರೆ. ಆದರೆ ನಮ್ಮ ಪಠ್ಯಪುಸ್ತಕದ ಲೆಕ್ಕಗಳಲ್ಲಿಯೂ “ಗಾಳಿಯ ತಡೆಯನ್ನು ಉಪೇಕ್ಷಿಸಿ” ಎಂಬ ಮಾತು ಇದ್ದೇ ಇರುತ್ತದೆ. ಬಿಡುವುದು ದೋಷವಲ್ಲ, ಏನನ್ನು ಬಿಟ್ಟಿದ್ದೇವೆಂಬುದನ್ನು ಮರೆಯುವುದು ದೋಷ. ಗುಂಡು ನೆಲದತ್ತ ಬಾಗುವುದು ತೆರೆಯಲ್ಲಿ ಏಕೆ ಕಾಣುವುದಿಲ್ಲವೆಂದು ಯೋಚಿಸಿರಿ. ನಾವು ರಣರಂಗವನ್ನು ನೇರವಾಗಿ ಮೇಲಿನಿಂದ ನೋಡುತ್ತಿದ್ದೇವೆ. ಗುರುತ್ವದ ಎಳೆತ ತೆರೆಗೆ ಲಂಬವಾಗಿರಬೇಕು. ಅಲ್ಲಿ ಬಾಗು ಕಾಣದಿರುವುದು ಸರಿಯೇ! ಯಾವ ಲೋಪ ನಿಜವಾದುದು, ಯಾವುದು ತೋರಿಕೆಯದು ಎಂದು ಹೀಗೆ ವಿಂಗಡಿಸಬಲ್ಲವನು ಭೌತಶಾಸ್ತ್ರವನ್ನು ಕಲಿಯತೊಡಗಿದ್ದಾನೆಂದೇ ಹೇಳಬೇಕು.

ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಆಡಿರಿ, ಆದರೆ ಪಕ್ಕದಲ್ಲೊಂದು ಟಿಪ್ಪಣಿ ಪುಸ್ತಕವಿರಲಿ. ಬೆರಳು ತೆಗೆದೊಡನೆ ಟ್ಯಾಂಕು ನಿಂತಾಗ, ಅದನ್ನು ನಿಲ್ಲಿಸಿದ ಬಲ ಯಾವುದೆಂದು ಪಕ್ಕದ ಗೆಳೆಯನನ್ನು ಕೇಳಿರಿ. ಅವನ ಉತ್ತರವನ್ನು ಆ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಮುಂದಿನ ಹಂತಕ್ಕೆ ಹೋಗಿರಿ.