ಎತ್ತರದ ಆಟಗಾರ ಬೇಕು. ಅವನಿಗೆ ಚೆಂಡು ತಲುಪಿಸುವವರು?

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬಸ್‌ಸ್ಟ್ಯಾಂಡುಗಳಲ್ಲಿ ‘ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ’ಯ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. ತಂಡ ಕಟ್ಟಲು ಕೂತವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ‘ಸ್ಮ್ಯಾಷರ್ ಯಾರು?’ ಆರಡಿ ದಾಟಿದವನೊಬ್ಬ ಸಿಕ್ಕರೆ ಕಪ್ಪು ಅರ್ಧ ಬಂದ ಹಾಗೆಯೇ ಎಂಬ ನಂಬಿಕೆ. ಊರಲ್ಲಿ ಅಂಥವನಿಲ್ಲದಿದ್ದರೆ ಖರ್ಚು ಕೊಟ್ಟು ಹೊರಗಿನಿಂದ ಕರೆಸುವುದೂ ಉಂಟು. ಉಳಿದ ಐದು ಜನ ಯಾರಾದರೇನು, ಹೇಗೋ ಹೊಂದಿಕೊಳ್ಳುತ್ತಾರೆ!

ಈ ನಂಬಿಕೆಯನ್ನು ಹಳ್ಳಿಗರ ಮುಗ್ಧತೆ ಎಂದು ತಳ್ಳಿಹಾಕುವಂತಿಲ್ಲ. ಎತ್ತರದವರ ಸುತ್ತ ತಂಡ ಕಟ್ಟಬೇಕೇ ಬೇಡವೇ ಎಂಬ ಚರ್ಚೆ ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ ಹತ್ತು ವರ್ಷಗಳಿಂದ ಬಿಸಿಯಾಗಿಯೇ ಇದೆ. 2015ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಸ್ಟೆಫನ್ ಕರಿಯ ದೂರದ ಎಸೆತಗಳನ್ನು ನಂಬಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಗೆದ್ದಾಗ, ಬುಟ್ಟಿಯ ಕೆಳಗೆ ನಿಲ್ಲುವ ದೈತ್ಯರ ಕಾಲ ಮುಗಿಯಿತು ಎಂದು ಬರೆದವರೇ ಹೆಚ್ಚು. 2020ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ ರಾಕೆಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಎತ್ತರದ ಸೆಂಟರ್ ಕ್ಲಿಂಟ್ ಕಪೇಲಾ ಅವರನ್ನೇ ಬಿಟ್ಟುಕೊಟ್ಟು, ಆರೂವರೆ ಅಡಿಗೂ ಒಂದಂಗುಲ ಕಡಿಮೆ ಇದ್ದ ಪಿ.ಜೆ. ಟಕ್ಕರ್ ಅವರನ್ನು ಆ ಜಾಗದಲ್ಲಿ ನಿಲ್ಲಿಸಿತು. ಆ ವರ್ಷದ ಪ್ಲೇಆಫ್‌ನಲ್ಲಿ ಎತ್ತರದ ಆಂಥೊನಿ ಡೇವಿಸ್ ಇದ್ದ ಲೇಕರ್ಸ್ ಎದುರು 1–4ರಿಂದ ಸೋತು ಮನೆಗೆ ಹೋಯಿತು.

ಮುಂದಿನದು ಇನ್ನೂ ಸ್ವಾರಸ್ಯ. 2019ರಿಂದ 2024ರವರೆಗೆ ಆರು ವರ್ಷವೂ ಎನ್‌ಬಿಎಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಹೋದದ್ದು ಯಾನಿಸ್, ಯೊಕಿಚ್, ಎಂಬೀಡ್ ಎಂಬ ಮೂವರು ಎತ್ತರದವರಿಗೆ. ಸರ್ಬಿಯಾದ ನಿಕೊಲಾ ಯೊಕಿಚ್, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಆಯ್ಕೆಯಾದ ಮನುಷ್ಯ. 2023ರಲ್ಲಿ ಡೆನ್ವರ್ ನಗೆಟ್ಸ್‌ಗೆ ಅದರ ಮೊದಲ ಪ್ರಶಸ್ತಿ ಗೆದ್ದುಕೊಟ್ಟರು. ಏಳಡಿಯ ಆಸುಪಾಸಿನ ಈತ ಎಗರುವುದು ಕಡಿಮೆ, ಓಟವೂ ಅಷ್ಟಕ್ಕಷ್ಟೆ. ಆದರೆ ಚೆಂಡು ಕೈಗೆ ಬಂದರೆ ಉಳಿದ ನಾಲ್ವರಲ್ಲಿ ಯಾರು ಎಲ್ಲಿ ಬಿಡುವಾಗಿದ್ದಾರೆ ಎಂದು ಎಲ್ಲರಿಗಿಂತ ಮೊದಲು ಕಾಣುವವರು ಅವರೇ. ಎತ್ತರದವರ ಕಾಲ ಮುಗಿದಿಲ್ಲ. ಬರೀ ಎತ್ತರದವರ ಕಾಲ ಮುಗಿದಿದೆ.

ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಏಳಡಿ ಎರಡಂಗುಲ. ಲುಧಿಯಾನದ ಅಕಾಡೆಮಿಯಲ್ಲಿ ಕಲಿತು, ಹದಿಹರೆಯದಲ್ಲೇ ಅಮೆರಿಕಕ್ಕೆ ಹೋಗಿ, 2015ರ ಜೂನ್‌ನಲ್ಲಿ ಡಲ್ಲಾಸ್ ಮೇವರಿಕ್ಸ್ ತಂಡಕ್ಕೆ 52ನೆಯವರಾಗಿ ಆಯ್ಕೆಯಾದರು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ವಾರಿಯರ್ಸ್ ಗೆದ್ದದ್ದೂ ಅದೇ ತಿಂಗಳು. ಬುಟ್ಟಿಯ ಹತ್ತಿರ ನಿಲ್ಲುವುದಕ್ಕೆಂದು ತಯಾರಾದ ಹುಡುಗ ಅಲ್ಲಿಗೆ ಮುಟ್ಟುವ ಹೊತ್ತಿಗೆ ಆಟ ಬುಟ್ಟಿಯಿಂದ ಏಳು ಮೀಟರ್ ಆಚೆಗೆ ಹೋಗಿತ್ತು. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡದೆ ಕೊನೆಗೆ ಕುಸ್ತಿ ಮನರಂಜನೆಯ ಕಣಕ್ಕೆ ಇಳಿದರು. ತಪ್ಪು ಆ ಹುಡುಗನದಲ್ಲ, ಎತ್ತರ ಕಂಡೊಡನೆ ಉಳಿದದ್ದನ್ನು ಮರೆಯುವ ನಮ್ಮ ಪದ್ಧತಿಯದು.

ಮಲೆನಾಡಿಗೆ ಬರೋಣ. ಇಲ್ಲಿ ಬ್ಯಾಸ್ಕೆಟ್‌ಬಾಲ್ ಬೇರು ಬಿಡಲಿಲ್ಲ. ಅದಕ್ಕೆ ಸಿಮೆಂಟಿನ ನೆಲ, ಹತ್ತಡಿ ಎತ್ತರದ ರಿಂಗು, ಗಟ್ಟಿ ಬೋರ್ಡು ಬೇಕು. ವಾಲಿಬಾಲ್‌ಗೆ ಎರಡು ಕಂಬ, ಒಂದು ಬಲೆ, ಕೊಯ್ಲಾದ ಗದ್ದೆ ಸಾಕು. ಆದ್ದರಿಂದ ಎತ್ತರದ ಪ್ರಶ್ನೆಯನ್ನು ನಾವು ಕೇಳಬೇಕಾದದ್ದು ವಾಲಿಬಾಲ್ ಅಂಗಳದಲ್ಲಿಯೇ. ಪುರುಷರ ಬಲೆ 2.43 ಮೀಟರ್ ಎತ್ತರ. ಅದರ ಮೇಲೆ ಕೈ ಎತ್ತಿ ಹೊಡೆಯಲು ಉದ್ದನೆಯ ಆಳು ಬೇಕೇ ಬೇಕು, ಅನುಮಾನವಿಲ್ಲ. ದಕ್ಷಿಣ ಕನ್ನಡದ ಅಶ್ವಲ್ ರೈ ಭಾರತ ತಂಡದ ಬ್ಲಾಕರ್ ಆದದ್ದರಲ್ಲಿ ಎತ್ತರದ ಪಾಲು ದೊಡ್ಡದು.

ಆದರೆ ವಾಲಿಬಾಲ್ ಚಕ್ರದಂತೆ ತಿರುಗುವ ಆಟ. ಆರು ಸ್ಥಾನಗಳಲ್ಲಿ ಮೂರು ಹಿಂದಿನ ಸಾಲಿನವು. ಅಲ್ಲಿಗೆ ಬಂದ ಸ್ಮ್ಯಾಷರ್, ಬಲೆಯಿಂದ ಮೂರು ಮೀಟರ್ ಒಳಗೆ ನಿಂತು ಎಗರಿ ಹೊಡೆಯುವಂತಿಲ್ಲ. ಎದುರು ತಂಡದಲ್ಲಿ ತಲೆ ಇರುವ ಒಬ್ಬನಿದ್ದರೂ ಸಾಕು, ಸರ್ವ್ ನೇರ ಅವನ ಮೊಣಕಾಲಿಗೇ ಬರುತ್ತದೆ. ಉದ್ದನೆಯ ದೇಹ ಬಗ್ಗುವಷ್ಟರಲ್ಲಿ ಚೆಂಡು ಮುಂಗೈಗೆ ತಗುಲಿ ಓರೆಯಾಗಿ ಜನರ ಮೇಲೋ ತೋಟದೊಳಕ್ಕೋ ಹೋಗುತ್ತದೆ. ಮತ್ತೆ ಸರ್ವ್, ಮತ್ತೆ ಅವನಿಗೇ. ನಾಲ್ಕು ಪಾಯಿಂಟ್ ಹೀಗೆ ಹೋದರೆ ಖರ್ಚು ಕೊಟ್ಟು ಕರೆಸಿದವರ ಮುಖ ನೋಡುವಂತಿರುವುದಿಲ್ಲ! 1998ರಲ್ಲಿ ಲಿಬೆರೊ ಎಂಬ ಬೇರೆ ಬಣ್ಣದ ಅಂಗಿಯ ರಕ್ಷಣಾ ಆಟಗಾರನನ್ನು ನಿಯಮದಲ್ಲಿ ತಂದದ್ದು ಈ ತೊಂದರೆಗೆ ಮದ್ದಾಗಿ. ಕುಳ್ಳರಿಗೂ ಅಂತರರಾಷ್ಟ್ರೀಯ ವಾಲಿಬಾಲ್‌ನಲ್ಲಿ ಒಂದು ಖಾಯಂ ಜಾಗ ಸಿಕ್ಕಿತು. ಊರ ತಂಡಗಳಿಗೆ ಆ ಶಿಸ್ತು ಇನ್ನೂ ಪೂರ್ತಿ ಬಂದಿಲ್ಲ.

ಜಪಾನ್ ತಂಡವನ್ನು ನೋಡಿ. ಅದರ ಲಿಬೆರೊ ತೊಮೊಹಿರೊ ಯಮಾಮೊಟೊ 1.71 ಮೀಟರ್, ಮುಖ್ಯ ಹೊಡೆತಗಾರ ಯುಜಿ ನಿಶಿದಾ 1.86 ಮೀಟರ್. ಎರಡು ಮೀಟರ್ ಆಚೀಚಿನ ಯುರೋಪಿಯನ್ನರ ನಡುವೆ ಇವರು ಸಾಧಾರಣ ಎತ್ತರದವರೇ. ಆದರೂ ಜಪಾನ್ ನೇಷನ್ಸ್ ಲೀಗ್‌ನಲ್ಲಿ 2023ರಲ್ಲಿ ಕಂಚು, 2024ರಲ್ಲಿ ಬೆಳ್ಳಿ ಗೆದ್ದಿತು. ನೆಲಕ್ಕೆ ಬೀಳಬೇಕಾದ ಚೆಂಡನ್ನು ಎತ್ತುವುದು, ಎತ್ತಿದ್ದನ್ನು, ಹೊಡೆಯುವವನಿಗೆ ಚೆಂಡು ಒದಗಿಸುವ ಪಾಸರ್ ಕೈಗೆ ಅಳತೆಯಲ್ಲಿ ಮುಟ್ಟಿಸುವುದು, ಆಮೇಲೆ ಹೊಡೆತ. ನಮ್ಮ ಪಂದ್ಯಾವಳಿಗಳಲ್ಲೂ ‘ಬೆಸ್ಟ್ ಪಾಸರ್’ ಎಂದು ಒಂದು ಟ್ರೋಫಿ ಕೊಡುತ್ತಾರೆ. ಕೊಡುವಾಗ ಮಾತ್ರ ಅವನ ನೆನಪು. ತಂಡ ಕಟ್ಟುವಾಗ ಮತ್ತೆ ಸ್ಮ್ಯಾಷರ್ ಹುಡುಕಾಟ.

ಊರ ಪಂದ್ಯಾವಳಿ ಹೇಗೋ ನಡೆಯಲಿ, ಅದು ಹಬ್ಬ. ಶಾಲೆಗಳದ್ದೇ ನಿಜವಾದ ಚಿಂತೆ. ಹದಿಮೂರು, ಹದಿನಾಲ್ಕರಲ್ಲಿ ಬೇಗ ಬೆಳೆದ ಹುಡುಗ, ಹುಡುಗಿಯರು ತಂಡಕ್ಕೆ ಸೇರುತ್ತಾರೆ. ಎರಡು ವರ್ಷ ತಡವಾಗಿ ಬೆಳೆಯುವವರು ಅಷ್ಟರಲ್ಲಿ ಆಟ ಬಿಟ್ಟಿರುತ್ತಾರೆ. ಎತ್ತರ ಅಳೆಯಲು ಟೇಪು ಸಾಕು, ಕೈ ಅಳೆಯಲು ನಾಲ್ಕು ದಿನ ಕೂತು ಆಟ ನೋಡಬೇಕು. ಆ ನಾಲ್ಕು ದಿನ ನಮ್ಮಲ್ಲಿ ಸಿಗುವುದಿಲ್ಲ. ಯಾಕೆಂದರೆ ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಸಾಮಾನ್ಯವಾಗಿ ಬರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಚೀಚೆ ಮಳೆ ಬೀಳುವ ಸೀಮೆ ಇದು. ಹೊಸನಗರದ ಹುಲಿಕಲ್ಲು ಅದಕ್ಕೆ ಪೈಪೋಟಿ ಕೊಡುತ್ತದೆ. ಜೂನ್‌ನಿಂದ ಅಂಗಳ ಕೆಸರು. ಬಯಲುಸೀಮೆಯ ಮಕ್ಕಳು ಮೂರು ತಿಂಗಳು ಅಭ್ಯಾಸ ಮಾಡಿ ಬರುವಾಗ ನಮ್ಮವರು ಮಳೆ ಬಿಟ್ಟ ಎರಡು ಸಂಜೆ ಆಡಿ ಹೋಗುತ್ತಾರೆ. ಹಾಗಿರುವಾಗ ದೈಹಿಕ ಶಿಕ್ಷಕರು ಎತ್ತರದವರನ್ನೇ ನೆಚ್ಚಿಕೊಂಡರೆ ಅವರನ್ನು ದೂರುವುದೂ ಕಷ್ಟ. ಪಾಸು ಕಲಿಸಲು ಸಮಯ ಬೇಕು, ಎತ್ತರ ತಾನಾಗಿಯೇ ಬರುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತಲಾ ಒಂದಾದರೂ ಸೂರಿರುವ ಅಂಗಣ ಬೇಕು. ಕ್ರಿಕೆಟ್ ಮೈದಾನಕ್ಕೆ ಕೊಡುವ ಗಮನದಲ್ಲಿ ಸ್ವಲ್ಪ ಇತ್ತ ತಿರುಗಿದರೂ ಆದೀತು. ಅದಾಗುವವರೆಗೆ ಶಿಕ್ಷಣ ಇಲಾಖೆ ಮಲೆನಾಡು ತಾಲ್ಲೂಕುಗಳ ಗುಂಪು ಆಟಗಳ ಪಂದ್ಯಗಳನ್ನಷ್ಟೇ ಮಳೆ ನಿಂತ ಮೇಲಕ್ಕೆ ಮುಂದೂಡಲಿ. ರಾಜ್ಯಮಟ್ಟದ ವೇಳಾಪಟ್ಟಿಗೆ ತೊಡಕಾಗುತ್ತದೆ ಎಂಬ ಉತ್ತರ ಬರುತ್ತದೆ, ಗೊತ್ತು. ವೇಳಾಪಟ್ಟಿ ಮಾಡುವವರು ಒಂದು ಆಗಸ್ಟ್‌ನಲ್ಲಿ ಹೊಸನಗರಕ್ಕೆ ಬಂದು ಪಂದ್ಯ ನೋಡಲಿ, ಆಮೇಲೆ ಉತ್ತರ ಕೊಡಲಿ.