ಪಟ್ಟಾಭಿಷೇಕದ ನಂತರದ ಕಥೆ

2024ರ ಮಾರ್ಚ್ ತಿಂಗಳಲ್ಲಿ ಮಗಳ ಒತ್ತಾಯಕ್ಕೆ ಮಣಿದು, ವಡಾಲದ ದೊಡ್ಡ ತೆರೆಯ ಚಿತ್ರಮಂದಿರದಲ್ಲಿ ‘ಡ್ಯೂನ್’ ಚಿತ್ರದ ಎರಡನೆಯ ಭಾಗವನ್ನು ನೋಡಿದೆ. ಮರುವಾರ ಮಾಟುಂಗದ ನಮ್ಮ ವಾಚನಾಲಯದಲ್ಲಿ ಅದರ ಮಾತು ತೆಗೆದಾಗ ಹಿರಿಯರೊಬ್ಬರು, “ಈ ವಯಸ್ಸಿನಲ್ಲಿ ನಿಮಗೆ ಮರಳುಹುಳುಗಳ ಕಥೆ ಬೇಕಾಯಿತೇ? ಅದೂ ಎರಡನೆಯ ಭಾಗ!” ಎಂದು ನಕ್ಕರು. ಆ ನಗುವಿನಲ್ಲಿ ಎರಡು ಆಕ್ಷೇಪಗಳಿದ್ದವು. ಇಂಥ ಕಥೆಗಳು ಹುಡುಗರ ಆಟವೆಂಬುದು ಒಂದು. ಎರಡನೆಯ ಭಾಗವೆಂದರೆ ಮೊದಲನೆಯದರ ಹೆಸರಿನಲ್ಲಿ ಮತ್ತೊಮ್ಮೆ ಹಣ ಮಾಡುವ ವ್ಯಾಪಾರವೆಂಬುದು ಇನ್ನೊಂದು. ಎರಡನೆಯ ಆಕ್ಷೇಪ ಬಹುಮಟ್ಟಿಗೆ ನಿಜ. ಆದರೂ ಆ ಚಿತ್ರ ನನಗೆ ತುಂಬ ಹಿಡಿಸಿತು. ಏಕೆಂಬುದನ್ನು ಇಲ್ಲಿ ಹೇಳಬೇಕೆನಿಸಿದೆ.

ಅಮೆರಿಕದ ಲೇಖಕ ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ಕಾದಂಬರಿ ಈ ಚಿತ್ರಗಳ ಮೂಲ. ಕಥೆ ನಡೆಯುವುದು ಸಾವಿರಾರು ವರ್ಷಗಳಾಚೆಯ ಒಂದು ಕೇಡುಗಾಲದಲ್ಲಿ. ಅಲ್ಲಿ ಆಕಾಶನೌಕೆಗಳಿವೆ, ಪ್ರಜಾಪ್ರಭುತ್ವವಿಲ್ಲ; ಚಕ್ರವರ್ತಿ, ಸಾಮಂತರು, ಜಹಗೀರುಗಳು ಮರಳಿ ಬಂದಿವೆ. ನೌಕೆಗಳ ಸಂಚಾರಕ್ಕೆ ಆಧಾರವಾದ ಒಂದು ಮಸಾಲೆ ಪದಾರ್ಥ ಅರಾಕಿಸ್ ಎಂಬ ಮರಳುಗಾಡಿನ ಗ್ರಹದಲ್ಲಿ ಮಾತ್ರ ದೊರೆಯುವುದರಿಂದ ಎಲ್ಲರ ಕಣ್ಣೂ ಅದರ ಮೇಲೆ. 2021ರ ಮೊದಲ ಭಾಗದಲ್ಲಿ ಪಾಲ್ ಎಂಬ ತರುಣ ತಂದೆಯನ್ನೂ ಅಧಿಕಾರವನ್ನೂ ಕಳೆದುಕೊಂಡು, ತಾಯಿಯೊಡನೆ ಅಲ್ಲಿಯ ನಿವಾಸಿಗಳಾದ ಫ್ರೆಮೆನ್ನರ ಆಶ್ರಯ ಪಡೆಯುತ್ತಾನೆ. ಅಲ್ಲಿಯವರೆಗೆ ಅದು ನಮಗೆ ಪರಿಚಿತವಾದ ವನವಾಸದ ಕಥೆ.

ಎರಡನೆಯ ಭಾಗದಲ್ಲಿ ಅವನು ಗೆಲ್ಲುತ್ತಾನೆ. ಅವನು ಮೊದಲ ಸಲ ಆ ಮಹಾಹುಳುವಿನ ಬೆನ್ನೇರುವ ದೃಶ್ಯವನ್ನು ನಾನೂ ಹುಡುಗನಂತೆ ಕಣ್ಣರಳಿಸಿ ನೋಡಿದೆ. ಆದರೆ ಗೆಲುವು ಹತ್ತಿರವಾದಂತೆ ನಿರ್ದೇಶಕ ಡೆನಿ ವಿಲ್ನವ್ ನಮ್ಮ ಸಂತೋಷದಲ್ಲಿ ಸಂಶಯ ಬೆರೆಸುತ್ತ ಹೋಗುತ್ತಾರೆ. ಉದ್ಧಾರಕನೊಬ್ಬ ಬರುವನೆಂಬ ಫ್ರೆಮೆನ್ನರ ನಂಬಿಕೆ, ಹೊರಗಿನವರು ತಮ್ಮ ಅನುಕೂಲಕ್ಕಾಗಿ ಹಿಂದೆಯೇ ಬಿತ್ತಿಹೋದದ್ದು. ಪಾಲ್‌ಗೆ ಇದು ಗೊತ್ತು. ಮೊದಲು ಹಿಂಜರಿಯುತ್ತಾನೆ, ಕೊನೆಗೆ ಅದನ್ನೇ ಬಳಸಿಕೊಳ್ಳುತ್ತಾನೆ. ಚಕ್ರವರ್ತಿ ಅವನಿಗೆ ಮಣಿದ ಬೆನ್ನಲ್ಲೇ ಅವನ ಪಡೆ ಇತರ ಲೋಕಗಳ ಮೇಲೆ ‘ಪವಿತ್ರ’ ಯುದ್ಧಕ್ಕೆ ಹೊರಡುತ್ತದೆ. ಅವನನ್ನು ಪ್ರೀತಿಸಿದ ಚಾನಿ ತಲೆಬಾಗದೆ ಹೊರನಡೆಯುತ್ತಾಳೆ. ಕಾದಂಬರಿಯಲ್ಲಿ ಆಕೆ ಅವನೊಂದಿಗೇ ಉಳಿಯುತ್ತಾಳೆ. ಈ ಮಾರ್ಪಾಟು ಚಿತ್ರದ್ದು. ಚಿತ್ರ ಕೊನೆಗೆ ನಮಗೆ ತೋರಿಸುವುದು ವಿಜಯಿಯ ಮುಖವನ್ನಲ್ಲ, ಆಕೆಯ ಮುಖವನ್ನು.

ನಾಯಕರನ್ನು ಕಣ್ಣುಮುಚ್ಚಿ ನಂಬಬೇಡಿರೆಂಬುದೇ ತನ್ನ ಕಥೆಯ ಆಶಯವೆಂದು ಹರ್ಬರ್ಟ್ ಹೇಳುತ್ತಿದ್ದರು. 1969ರಲ್ಲಿ ಬಂದ ಮುಂದಿನ ಕಾದಂಬರಿ ‘ಡ್ಯೂನ್ ಮೆಸ್ಸಾಯ’ದಲ್ಲಿ ಪಾಲ್ ಚಕ್ರವರ್ತಿಯಾಗಿ 12 ವರ್ಷಗಳಾಗಿವೆ. ತನ್ನ ಹೆಸರಿನ ಯುದ್ಧದಲ್ಲಿ ಸತ್ತವರು 6,100 ಕೋಟಿ ಎಂದು ಲೆಕ್ಕ ಒಪ್ಪಿಸುವವನು ಅವನೇ. ಕೊನೆಗೆ ಕುರುಡನಾಗಿ, ಒಂಟಿಯಾಗಿ ಮರಳುಗಾಡಿಗೆ ನಡೆದುಹೋಗುತ್ತಾನೆ.

ಟ್ಯಾಕ್ಸಿಯಲ್ಲಿ ಮನೆಗೆ ಮರಳುವಾಗ ಮಗಳು, “ಅಪ್ಪಾ, ಅವನು ಗೆದ್ದನೋ ಸೋತನೋ?” ಎಂದು ಕೇಳಿದಳು. “ಧರ್ಮರಾಯನನ್ನು ಕೇಳಬೇಕು” ಎಂದೆ. “ಅವನಿಗೆ ಪಟ್ಟ ಕಟ್ಟಿದಲ್ಲಿಗೆ ಕಥೆ ಮುಗಿಯಿತಲ್ಲ?” ಎಂದಳು.

ತಪ್ಪು ಅವಳದಲ್ಲ. ನಾನು ಅವಳನ್ನು ಕರೆದೊಯ್ದ ಗಮಕ ವಾಚನಗಳೆಲ್ಲ ಅಲ್ಲಿಗೇ ಮಂಗಳ ಹಾಡಿದ್ದವು. ಕುಮಾರವ್ಯಾಸನೂ ಹತ್ತು ಪರ್ವಗಳನ್ನು ರಚಿಸಿ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ. ಅದೇ ‘ಕೃಷ್ಣರಾಯ ಭಾರತ’. ಕನ್ನಡದ ಬಹುದೊಡ್ಡ ಎರಡನೆಯ ಭಾಗವೆಂದರೆ ಅದೇ ಎಂದು ನಾನು ತಿಳಿದಿದ್ದೇನೆ. ಆದರೆ ಅದನ್ನು ಓದುವವರು ಎಷ್ಟು ಮಂದಿ? ಬಂಧುಗಳನ್ನು ಕೊಂದು ಪಡೆದ ರಾಜ್ಯಕ್ಕಾಗಿ ಮರುಗುವ ಧರ್ಮರಾಯ, ಶರಶಯ್ಯೆಯಿಂದ ರಾಜಧರ್ಮವನ್ನು ಬೋಧಿಸುವ ಭೀಷ್ಮ, ತಮ್ಮತಮ್ಮಲ್ಲೇ ಹೊಡೆದಾಡಿ ಅಳಿಯುವ ಯಾದವರು, ಹಿಮಾಲಯದ ಹಾದಿಯಲ್ಲಿ ಒಬ್ಬೊಬ್ಬರಾಗಿ ಬೀಳುವ ಪಾಂಡವರು—ಮಹಾಭಾರತವು ಗೆಲುವನ್ನು ತೂಗಿ ನೋಡುವುದು ಆ ಭಾಗದಲ್ಲಿಯೇ. ನಾವು ಅದನ್ನು ಬಿಟ್ಟು ಯುದ್ಧವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಕೇಂದ್ರ ಸರಕಾರದ ನೌಕರಿಯಲ್ಲಿ ನಾನು ಉದ್ಘಾಟನೆಗಳನ್ನು ಸಾಕಷ್ಟು ಕಂಡಿದ್ದೇನೆ. ಕಲ್ಲುಫಲಕದ ಮೇಲೆ ಹೆಸರು ಬರಬೇಕೆಂದು ನಡೆಯುವ ಪೈಪೋಟಿ, ಐದು ವರ್ಷಗಳ ನಂತರದ ದುರಸ್ತಿಯ ಕಡತಕ್ಕೆ ಇರುವುದಿಲ್ಲ. ಒಳ್ಳೆಯ ಎರಡನೆಯ ಭಾಗವು ಆ ಕಡತವನ್ನು ಬಿಚ್ಚುತ್ತದೆ. ಗೆದ್ದವನು ಏನಾದ, ಅವನನ್ನು ನಂಬಿದವರ ಗತಿಯೇನಾಯಿತು ಎಂದು ವಿಚಾರಿಸುತ್ತದೆ. ಚುನಾವಣೆಯಿಂದ ಚುನಾವಣೆಗೆ ಉದ್ಧಾರಕರನ್ನು ಹುಡುಕುವ ನಮ್ಮ ಸಮಾಜಕ್ಕೆ ಇದು ಹುಡುಗರ ಆಟವಲ್ಲ.

ಹೊರನಾಡಿನ ನಮ್ಮ ಮಕ್ಕಳು ಈ ಪ್ರಶ್ನೆಯನ್ನು ಇಂಗ್ಲಿಷಿನ ಚಿತ್ರದಿಂದ ಕಲಿಯುತ್ತಿರುವುದಕ್ಕೆ ನನಗೆ ಬೇಸರವಿಲ್ಲ. ಅದು ಕನ್ನಡದಲ್ಲಿ ಇಲ್ಲವೆಂದು ಅವರು ತಿಳಿದುಕೊಂಡರೆ ಮಾತ್ರ ನಷ್ಟ. ಆ ನಷ್ಟಕ್ಕೆ ಹೊಣೆ ನಾವು. ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಸೂಚನೆ. ಮುಂದಿನ ಗಮಕ ವಾಚನವನ್ನು ಪಟ್ಟಾಭಿಷೇಕಕ್ಕೆ ನಿಲ್ಲಿಸದೆ, ತಿಮ್ಮಣ್ಣ ಕವಿಯ ಶಾಂತಿಪರ್ವಕ್ಕೆ ಒಂದು ಸಂಜೆಯನ್ನಾದರೂ ಮೀಸಲಿಡೋಣ. ‘ಡ್ಯೂನ್’ ನೋಡಿ ಬಂದ ತರುಣರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರ ಪ್ರಶ್ನೆಗಳನ್ನು ಕೇಳೋಣ. ಮಗಳು ಬರುವುದಾಗಿ ಹೇಳಿದ್ದಾಳೆ. ವಾಚನಾಲಯದ ಆ ಹಿರಿಯರೂ ದಯಮಾಡಿಸಲಿ.